ಬಾಟಲಿಯಲ್ಲಿ ನೊರೆ ಇದೆ, ತೊಟ್ಟಿಯಲ್ಲಿ ಗುಳ್ಳೆ ಇಲ್ಲ: ಯೀಸ್ಟ್ ಬಾಟಲಿಯ ಸಮಸ್ಯೆ

ಪ್ರಶ್ನೆ:
ನಮಸ್ಕಾರ. ನನ್ನದು ಗಿಡಗಳಿರುವ 60 ಲೀಟರಿನ ಅಕ್ವೇರಿಯಂ. ರೊಟಾಲಾ ಗಿಡ ಕೆಂಪು ಬಣ್ಣ ಕಳೆದುಕೊಂಡು ಸೊರಗುತ್ತಿದೆ. ಅದಕ್ಕಾಗಿ ಯೀಸ್ಟ್‌ನಿಂದ ಇಂಗಾಲದ ಡೈಆಕ್ಸೈಡ್ ಕೊಡಲು ಹೊರಟಿದ್ದೇನೆ. 2 ಲೀಟರಿನ ತಂಪುಪಾನೀಯದ ಬಾಟಲಿ, ಎರಡು ಲೋಟ ಸಕ್ಕರೆ, ಅರ್ಧ ಚಮಚ ಡ್ರೈ ಯೀಸ್ಟ್, ಉಗುರುಬೆಚ್ಚಗಿನ ನೀರು. ಮುಚ್ಚಳಕ್ಕೆ ತೂತು ಕೊರೆದು, ಕೊಳವೆ ತೂರಿಸಿ, ಸುತ್ತಲೂ ಸಿಲಿಕೋನ್ ಅಂಟು ಹಚ್ಚಿದ್ದೇನೆ. ಏರ್‌ಸ್ಟೋನ್ (ಗುಳ್ಳೆ ಬಿಡುವ ತೂತುಗಳ ಕಲ್ಲು) ಇದ್ದಾಗ ಗುಳ್ಳೆ ಚೆನ್ನಾಗಿಯೇ ಬರುತ್ತಿತ್ತು. ಅನಿಲವನ್ನು ಸೂಕ್ಷ್ಮ ಗುಳ್ಳೆಗಳಾಗಿಸುವ ಸೆರಾಮಿಕ್ ಡಿಫ್ಯೂಸರ್ ಜೋಡಿಸಿದ ಮೇಲೆ ಒಂದೂ ಇಲ್ಲ. ಬಾಟಲಿಯೊಳಗೆ ನೊರೆ ಮಾತ್ರ ಕಾಣುತ್ತಿದೆ. ಇನ್ನಷ್ಟು ಯೀಸ್ಟ್ ಹಾಕಲೇ?

ಉತ್ತರ:
ಖಂಡಿತ ಬೇಡ. ನೊರೆ ಇದೆ ಎಂದರೆ ಯೀಸ್ಟ್ ಕೆಲಸ ಮಾಡುತ್ತಿದೆ. ಮೊದಲು ಬಾಟಲಿಯನ್ನು ಹಿಸುಕಿ ನೋಡಿ. ಬಿಗಿಯಾಗಿ ಉಬ್ಬಿದ್ದರೆ ಅನಿಲ ಒಳಗೇ ಇದೆ, ಮುಂದೆಲ್ಲೋ ದಾರಿ ಕಟ್ಟಿದೆ; ಕೂಡಲೇ ಕೊಳವೆ ಬಿಚ್ಚಿ ಒತ್ತಡ ಇಳಿಸಿ. ಮೆತ್ತಗಿದ್ದರೆ ಸೋರಿಕೆ.

ನಿಮ್ಮದು ಸೋರಿಕೆಯೇ ಇರಬೇಕು. ಏರ್‌ಸ್ಟೋನ್‌ಗೆ ಹೆಚ್ಚು ಒತ್ತಡ ಬೇಕಿಲ್ಲ. ಸೆರಾಮಿಕ್ ಬಿಲ್ಲೆಯ ಸೂಕ್ಷ್ಮ ರಂಧ್ರಗಳನ್ನು ದಾಟಲು ಅನಿಲಕ್ಕೆ ಸಾಕಷ್ಟು ಒತ್ತಡ ಬೇಕು. ಮುಚ್ಚಳದ ಬಳಿ ಕೂದಲೆಳೆಯಷ್ಟು ಸಂದು ಇದ್ದರೂ ಅದು ಆ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಬಾಟಲಿ ಮುಚ್ಚಳದ ಪ್ಲಾಸ್ಟಿಕ್‌ಗೆ ಸಿಲಿಕೋನ್ ಹಿಡಿಯುವುದಿಲ್ಲ. ಒಣಗಿದ ಮೇಲೆ ಉಗುರಿನಿಂದ ಎಬ್ಬಿಸಿದರೆ ಪೂರ್ತಿ ಎದ್ದು ಬರುತ್ತದೆ. ಮುಚ್ಚಳದಲ್ಲಿ ಕೊಳವೆಯ ಬುಡಕ್ಕೆ ಸೋಪಿನ ನೀರು ಹಚ್ಚಿ ಬಾಟಲಿಯನ್ನು ಮೆಲ್ಲಗೆ ಒತ್ತಿ, ಸೋರುವ ಜಾಗ ತಾನೇ ಗೊತ್ತಾಗುತ್ತದೆ.

ಅಂಟಿಲ್ಲದೆಯೇ ಬಿಗಿ ಮಾಡಬಹುದು. ಹೊಸ ಮುಚ್ಚಳ ತೆಗೆದುಕೊಂಡು, ಕೊಳವೆಯ ಹೊರ ಅಳತೆಗಿಂತ ತುಸು ಕಿರಿದಾದ ತೂತು ಮಾಡಿ. ಕೊಳವೆಯ ತುದಿಯನ್ನು ಓರೆಯಾಗಿ ಕತ್ತರಿಸಿ, ಮುಚ್ಚಳದ ಒಳಗಿನಿಂದ ತೂರಿಸಿ, ಹೊರಗೆ ಇಣುಕಿದ ಮೂತಿಯನ್ನು ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಎಳೆದಾಗ ಸಪೂರಾಗುವ ಕೊಳವೆ ಬಿಟ್ಟ ಕೂಡಲೇ ಹಿಗ್ಗಿ ತೂತಿಗೆ ಕಚ್ಚಿಕೊಳ್ಳುತ್ತದೆ. ಸಿಲಿಕೋನ್ ಕೊಳವೆಯನ್ನು ಮಾತ್ರ ಬಳಸಬೇಡಿ, ಅದರ ಗೋಡೆಯ ಮೂಲಕವೇ ಈ ಅನಿಲ ಹೊರಹೋಗುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಡ್ರಿಪ್ ಸೆಟ್ ಒಳ್ಳೆಯದು. ಅದರ ಹನಿ ಬೀಳುವ ಕೋಣೆಗೆ ಅರ್ಧ ನೀರು ತುಂಬಿದರೆ ಗುಳ್ಳೆ ಎಣಿಸಬಹುದು. ಅದರಲ್ಲಿರುವ ತಿರುಗಣಿಯನ್ನು ಮುಚ್ಚಲೇಬೇಡಿ. ಯೀಸ್ಟ್ ನಮ್ಮ ಮಾತು ಕೇಳಿ ನಿಲ್ಲುವುದಿಲ್ಲ, ದಾರಿ ಮುಚ್ಚಿದರೆ ಬಾಟಲಿ ಸಿಡಿಯುತ್ತದೆ. ಗಾಜಿನ ಬಾಟಲಿಯ ಯೋಚನೆಯೂ ಬೇಡ.

ಪ್ರಶ್ನೆ ಕೇಳಿದವರು:
ಬಾಟಲಿ ಮೆತ್ತಗೇ ಇತ್ತು, ಸಿಲಿಕೋನ್ ಬುಡದಲ್ಲೇ ಸೋರುತ್ತಿತ್ತು. ನೀವು ಹೇಳಿದಂತೆ ಮಾಡಿದೆ. ಈಗ ಡಿಫ್ಯೂಸರ್‌ನಿಂದ ಸಣ್ಣ ಗುಳ್ಳೆಗಳು ಒಂದೇ ಸಮ ಏಳುತ್ತಿವೆ. ಧನ್ಯವಾದ. ಆದರೆ ಬೆಳಗ್ಗೆ ಟೆಟ್ರಾ ಮೀನುಗಳೆಲ್ಲ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿವೆ.

ಉತ್ತರ:
ಇದಕ್ಕೆ ಕಾಯಬೇಡಿ. ಈಗಲೇ ಕೊಳವೆಯನ್ನು ತೊಟ್ಟಿಯಿಂದ ಹೊರಗೆಳೆದು ಏರ್ ಪಂಪ್ ಹಾಕಿ, ಕಾಲು ಭಾಗ ನೀರು ಬದಲಿಸಿ. ಹೊಸ ನೀರು ಕ್ಲೋರಿನ್ ತೆಗೆದದ್ದಾಗಿರಲಿ.

ದೀಪ ಆರಿದ ಮೇಲೆ ಗಿಡಗಳು ಇಂಗಾಲದ ಡೈಆಕ್ಸೈಡ್ ಹೀರುವುದಿಲ್ಲ, ಅವೂ ಉಸಿರಾಡಿ ಆಮ್ಲಜನಕ ಬಳಸುತ್ತವೆ. ಬಾಟಲಿ ಮಾತ್ರ ರಾತ್ರಿಯಿಡೀ ಅನಿಲ ಬಿಡುತ್ತಲೇ ಇರುತ್ತದೆ. ಆದ್ದರಿಂದ ರಾತ್ರಿ ಏರ್ ಪಂಪ್ ಓಡಲಿ, ಹಗಲು ನಿಲ್ಲಲಿ. ಹಗಲೂ ನೀರಿನ ಮೇಲ್ಮೈ ಕಲಕುತ್ತಿದ್ದರೆ ಕೊಟ್ಟ ಅನಿಲವೆಲ್ಲ ಗಾಳಿಪಾಲು. ಪಂಪ್ ಮತ್ತು ದೀಪ ಎರಡಕ್ಕೂ ಟೈಮರ್ ಹಾಕಿಬಿಡಿ.

ಅರ್ಧ ಚಮಚ ಯೀಸ್ಟ್ ನಿಮ್ಮ ತೊಟ್ಟಿಗೆ ಹೆಚ್ಚಾಯಿತು. ಮುಂದಿನ ಸಲ ಕಾಲು ಚಮಚಕ್ಕಿಂತ ಕಡಿಮೆ ಹಾಕಿ, ಜೊತೆಗೆ ಕಾಲು ಚಮಚ ಅಡುಗೆ ಸೋಡಾ. ದ್ರಾವಣ ಬೇಗ ಹುಳಿಯಾಗದಂತೆ ಅದು ತಡೆಯುತ್ತದೆ. ಸೆಕೆಗೆ ಇಡ್ಲಿ ಹಿಟ್ಟು ಬೇಗ ಉಕ್ಕುವ ಹಾಗೆ ಇದೂ ಬೇಸಿಗೆಯಲ್ಲಿ ಅವಸರದಿಂದ ಮುಗಿದುಹೋಗುತ್ತದೆ, ಬಾಟಲಿಯನ್ನು ತಂಪಾದ ಮೂಲೆಯಲ್ಲಿಡಿ. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಡ್ರಾಪ್ ಚೆಕರ್ ಒಂದನ್ನು ಕೊಳ್ಳಿ. ಒಳಗೆ 4 ಡಿಗ್ರಿ ಕಾರ್ಬೊನೇಟ್ ಗಡಸುತನದ ದ್ರಾವಣವೇ ಇರಬೇಕು, ತೊಟ್ಟಿಯ ನೀರಲ್ಲ. ನೀಲಿ ಇದ್ದರೆ ಅನಿಲ ಸಾಲದು, ಹಸಿರಾದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ ಇದೆ, ಹಳದಿಯಾದರೆ ಮೀನಿಗೆ ಅಪಾಯ. ಬಣ್ಣ ತಿರುಗಲು ಒಂದೆರಡು ಗಂಟೆ ಹಿಡಿಯುತ್ತದೆ.

ಯೀಸ್ಟ್ ಬಾಟಲಿಗೂ ತೊಟ್ಟಿಗೂ ನಡುವೆ ಇನ್ನೊಂದು ಚಿಕ್ಕ ಬಾಟಲಿಯಲ್ಲಿ ನೀರಿಟ್ಟು ಅನಿಲವನ್ನು ಅದರ ಮೂಲಕ ಹಾಯಿಸಿ. ಉಕ್ಕಿ ಬಂದ ಯೀಸ್ಟ್ ನೊರೆ ಅಲ್ಲೇ ಉಳಿಯುತ್ತದೆ. ತೊಟ್ಟಿಗೆ ಸೇರಿದರೆ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಕೊಳವೆಯಲ್ಲಿ ಇರಲೇಬೇಕು. ಇದ್ದರೂ ದ್ರಾವಣ ಬದಲಿಸುವಾಗ ಮೊದಲು ಡಿಫ್ಯೂಸರನ್ನು ನೀರಿನಿಂದ ಮೇಲೆತ್ತಿ, ಆಮೇಲೆ ಮುಚ್ಚಳ ತೆರೆಯಿರಿ. ಇಲ್ಲದಿದ್ದರೆ ತೊಟ್ಟಿಯ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ನೆಲಕ್ಕೆ ಬರುತ್ತದೆ.