ಪೋಸ್ಟ್‌ಗ್ರೆಸ್: ಒಂದು ಫಂಕ್ಷನ್‌ನ ಕ್ವೆರಿ ರಿಸಲ್ಟನ್ನು ಇನ್ನೊಂದಕ್ಕೆ ಕೊಡುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ನನ್ನ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಎರಡು ಪಿಎಲ್‌ಪಿಜಿಎಸ್‌ಕ್ಯೂಎಲ್ (ಫಂಕ್ಷನ್ ಬರೆಯೋಕೆ ಪೋಸ್ಟ್‌ಗ್ರೆಸ್‌ನದೇ ಭಾಷೆ) ಫಂಕ್ಷನ್ ಇವೆ. ಮೊದಲನೆಯದು ಬಾಕಿ ಇರುವ ಆರ್ಡರ್‌ಗಳನ್ನು ಹುಡುಕಿ ಟೆಂಪ್ (ತಾತ್ಕಾಲಿಕ) ಟೇಬಲ್‌ಗೆ ತುಂಬಿಸುತ್ತದೆ, ಎರಡನೆಯದು ಅದನ್ನು ಓದಿ ಲೆಕ್ಕ ಮಾಡುತ್ತದೆ. ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಎರಡು ಸಲ ಕರೆದರೆ ಟೇಬಲ್ ಆಗಲೇ ಇದೆ ಅಂತ ಎರರ್. ಆನ್ ಕಮಿಟ್ ಡ್ರಾಪ್ ಹಾಕಿದ್ದೇನೆ, ಆದರೂ ಹೀಗೆ. ಟೇಬಲ್ ಇಲ್ಲದೆ ರಿಸಲ್ಟನ್ನೇ ನೇರವಾಗಿ ಕೊಡೋಕೆ ಆಗಲ್ವಾ?

ಉತ್ತರ 1:
ಆನ್ ಕಮಿಟ್ ಡ್ರಾಪ್ ಹಾಕಿದರೆ ಟೇಬಲ್ ಹೋಗುವುದು ಕಮಿಟ್ ಆದಾಗ, ಫಂಕ್ಷನ್ ಮುಗಿದಾಗ ಅಲ್ಲ. ಎರರ್ ಬರುತ್ತಿರುವುದು ಅದಕ್ಕೇ.
ಸಾಲುಗಳು ನೂರಾರು ಅಷ್ಟೇ ಇದ್ದರೆ ಅರೇ, ಅಂದರೆ ಒಂದೇ ಪಟ್ಟಿ ಮಾಡಿ ಕೊಡಿ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಮಾಡಿದ ಕೂಡಲೇ ಅದೇ ಹೆಸರಿನ ಟೈಪ್ ಕೂಡ ತಾನಾಗಿ ಹುಟ್ಟುತ್ತದೆ, ಹಾಗಾಗಿ ನಿಮ್ಮ ಟೇಬಲ್ ಹೆಸರು ಆರ್ಡರ್ಸ್ ಆದರೆ ಎರಡನೇ ಫಂಕ್ಷನ್‌ನ ಪ್ಯಾರಾಮೀಟರ್ ಟೈಪನ್ನು ಆರ್ಡರ್ಸ್ ಅಂತ ಬರೆದು ಪಕ್ಕದಲ್ಲಿ ಚೌಕ ಬ್ರ್ಯಾಕೆಟ್ ಹಾಕಿದರೆ ಸಾಕು. ಮೊದಲನೆಯದರಲ್ಲಿ ಅರೇ ಆಗ್ ಹಾಕಿ ಸಾಲುಗಳನ್ನು ಅರೇ ಮಾಡಿ, ಎರಡನೆಯದರಲ್ಲಿ ಅನ್‌ನೆಸ್ಟ್ ಹಾಕಿ ಮತ್ತೆ ಸಾಲುಗಳಾಗಿ ಬಿಡಿಸಿ. ಆಮೇಲೆ ಜಾಯಿನ್ ಕೂಡ ಮಾಡಬಹುದು.

ಉತ್ತರ 2:
ಲಕ್ಷಗಟ್ಟಲೆ ಸಾಲು ಇದ್ದರೆ ಅರೇ ಬೇಡ, ಪೂರ್ತಿ ಮೆಮೊರಿಯಲ್ಲಿ ಕೂರುತ್ತದೆ. ಮೊದಲನೇ ಫಂಕ್ಷನ್ ರಿಟರ್ನ್ಸ್ ಟೇಬಲ್ ಆಗಲಿ, ಎರಡನೆಯದರಲ್ಲಿ ಅದನ್ನೇ ಫ್ರಮ್ ಪಕ್ಕ ಕರೆಯಿರಿ. ಆದರೆ ಒಂದು ಮಾತು ಗಮನಿಸಿ. ಪಿಎಲ್‌ಪಿಜಿಎಸ್‌ಕ್ಯೂಎಲ್‌ನಲ್ಲಿ ರಿಟರ್ನ್ ಕ್ವೆರಿ ಎಲ್ಲ ಸಾಲುಗಳನ್ನೂ ಒಟ್ಟುಮಾಡಿಕೊಂಡ ಮೇಲೇ ಹೊರಗೆ ಕೊಡುವುದು. ಹೊರಗಡೆ ಲಿಮಿಟ್ 10 ಅಂದರೂ ಒಳಗೆ ಪೂರ್ತಿ ಕೆಲಸ ನಡೆದಿರುತ್ತದೆ. ಕ್ವೆರಿ ಹೇಗೆ ನಡೆಸಬೇಕು ಅಂತ ತೀರ್ಮಾನಿಸುವ ಪ್ಲಾನರ್‌ಗೂ ಒಳಗೇನಿದೆ ಗೊತ್ತಾಗಲ್ಲ, ನೀವು ರೋಸ್ ಅಂತ ಸಾಲುಗಳ ಅಂದಾಜು ಹೇಳದಿದ್ದರೆ 1000 ಸಾಲು ಬರುತ್ತದೆ ಅಂದುಕೊಳ್ಳುತ್ತದೆ. ಒಂದೇ ಸೆಲೆಕ್ಟ್‌ನಲ್ಲಿ ಮುಗಿಯುವಂತಿದ್ದರೆ ಲ್ಯಾಂಗ್ವೇಜ್ ಎಸ್‌ಕ್ಯೂಎಲ್, ಸ್ಟೇಬಲ್ (ಡೇಟಾ ಬದಲಿಸಲ್ಲ ಅಂತ) ಬರೆಯಿರಿ, ಸ್ಟ್ರಿಕ್ಟ್ (ಇನ್‌ಪುಟ್ ನಲ್ ಇದ್ದರೆ ಓಡಬೇಡ ಅಂತ) ಹಾಕಬೇಡಿ. ಆಗ ಅದು ಹೊರಗಿನ ಕ್ವೆರಿಯೊಳಗೇ ಬೆರೆತು ಇಂಡೆಕ್ಸ್ ಕೂಡ ಸಿಗುತ್ತದೆ. ನಾನು ಮೊದಲು ನೋಡುವುದು ಇದನ್ನೇ.

ಕೇಳಿದವರು:
ತುಂಬಾ ಥ್ಯಾಂಕ್ಸ್. ನನ್ನದು ಇನ್ನೂರು ಸಾಲು ದಾಟಲ್ಲ, ಅರೇ ಹಾಕಿದೆ. ಆದರೆ ಬಾಕಿ ಆರ್ಡರ್ ಒಂದೂ ಇಲ್ಲದಿದ್ದಾಗ ಅರೇ ಮೇಲಿನ ಫೋರೀಚ್ ಲೂಪ್ ಎರರ್ ಕೊಡುತ್ತಿದೆ, ನಲ್ (ಮೌಲ್ಯವೇ ಇಲ್ಲ) ಇರಬಾರದು ಅಂತ.

ಉತ್ತರ 1:
ಸಾಲೇ ಇಲ್ಲದಿದ್ದರೆ ಅರೇ ಆಗ್ ಖಾಲಿ ಅರೇ ಕೊಡಲ್ಲ, ನಲ್ ಕೊಡುತ್ತದೆ. ಕೋಅಲೆಸ್ ಹಾಕಿ ಖಾಲಿ ಅರೇ ಮಾಡಿಕೊಳ್ಳಿ. ಅನ್‌ನೆಸ್ಟ್ ಆದರೆ ನಲ್‌ಗೆ ಸುಮ್ನೆ ಸೊನ್ನೆ ಸಾಲು ಕೊಡುತ್ತದೆ, ಸಾಧ್ಯವಾದರೆ ಲೂಪನ್ನೇ ತೆಗೆದುಬಿಡಿ.

ಉತ್ತರ 3:
ಅದೇ ರಿಸಲ್ಟನ್ನು ನಾಲ್ಕೈದು ಕಡೆ ಓದಬೇಕಾದವರಿಗೆ ಟೆಂಪ್ ಟೇಬಲ್ಲೇ ಒಳ್ಳೆಯದು. ಕ್ರಿಯೇಟ್ ಇಫ್ ನಾಟ್ ಎಕ್ಸಿಸ್ಟ್ಸ್ ಮಾಡಿ, ಟ್ರಂಕೇಟ್ ಮಾಡಿ ಖಾಲಿ ಮಾಡಿ, ತುಂಬಿಸಿದ ಮೇಲೆ ಅನಲೈಜ್ (ಪ್ಲಾನರ್‌ಗೆ ಅಂಕಿಅಂಶ ಕೂಡಿಸುವುದು) ಮರೆಯಬೇಡಿ. ಹಿನ್ನೆಲೆಯಲ್ಲಿ ತಾನಾಗಿ ಇದನ್ನು ಮಾಡುವ ಆಟೋವ್ಯಾಕ್ಯೂಮ್ ಟೆಂಪ್ ಟೇಬಲ್‌ಗಳನ್ನು ಮುಟ್ಟುವುದೇ ಇಲ್ಲ.

ಕೇಳಿದವರು:
ಲೂಪ್ ತೆಗೆದು ಅನ್‌ನೆಸ್ಟ್ ಮೇಲೆ ಒಂದೇ ಅಪ್‌ಡೇಟ್ ಬರೆದೆ. ಖಾಲಿ ಇದ್ದಾಗಲೂ ಎರರ್ ಇಲ್ಲ, ಎರಡು ಸಲ ಕರೆದರೂ ಇಲ್ಲ.