ಆರು ಜನರ ತಂಡಕ್ಕೂ ನೀತಿ ಸಂಹಿತೆ ಬೇಕೇ?

ಪ್ರಶ್ನೆ (ಮಂಗಳೂರಿನ ವಿದ್ಯಾರ್ಥಿ): ನಮಸ್ಕಾರ ಮೇಡಂ. ಕದ್ರಿಯ ಬಾಡಿಗೆ ಕೋಣೆಯೊಂದರಲ್ಲಿ ಶುರುವಾದ ನಮ್ಮ ತುಳು–ಕನ್ನಡ ನಿಘಂಟಿನ ಆ್ಯಪ್‌ಗೆ ಈಗ ಆರು ಜನ ದುಡಿಯುತ್ತಿದ್ದೇವೆ. ಕೋಡ್ ಪೂರ್ತಿ, ಪ್ರೋಗ್ರಾಂ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಮುಕ್ತವಾಗಿದೆ. ಕಳೆದ ತಿಂಗಳು ಉಡುಪಿಯ ಹುಡುಗಿಯೊಬ್ಬಳು ಮೊದಲ ಸಲ ಕೋಡ್ ಕಳುಹಿಸಿದಳು. ನಮ್ಮ ಹಿರಿಯ ಸದಸ್ಯರೊಬ್ಬರು ಅದರ ಕೆಳಗೆ ‘ಇಷ್ಟೂ ತಿಳಿಯದವರು ಇಲ್ಲಿಗೆ ಯಾಕೆ ಬರುತ್ತಾರೋ’ ಎಂದು ಬರೆದರು. ಅವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಕೇಳಿದರೆ ಅವರು, ‘ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವಾದ ಮಾಡುವುದಿಲ್ಲವೇ, ಹಾಗೆಯೇ ಇದು’ ಎನ್ನುತ್ತಾರೆ. ಯೋಜನೆಯಲ್ಲಿ ಪರಸ್ಪರ ಹೇಗೆ ನಡೆದುಕೊಳ್ಳಬೇಕೆಂಬ ನೀತಿ ಸಂಹಿತೆಯ ಸಿದ್ಧ ಪಠ್ಯ ಸಿಗುತ್ತದಲ್ಲ, ಅದನ್ನು ಹಾಕಿದರೆ ಸಾಕೇ?

ಉತ್ತರ: ಸಾಲದು. ನೀವು ಹೇಳುತ್ತಿರುವುದು ಬಹುಶಃ ಕಾಂಟ್ರಿಬ್ಯೂಟರ್ ಕವನೆಂಟ್. 2014ರಲ್ಲಿ ತಂತ್ರಾಂಶ ಬರೆಯುವ ಕೊರಲೈನ್ ಅಡಾ ಎಮ್ಕೆ ಬರೆದದ್ದು, ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ಸಂಹಿತೆಗಳಲ್ಲಿ ಒಂದು. ಅದರಲ್ಲಿ ದೂರು ಕೊಡುವ ವಿಳಾಸಕ್ಕೆಂದು ಚೌಕ ಆವರಣದೊಳಗೆ ಒಂದು ಜಾಗ ಬಿಟ್ಟಿದ್ದಾರೆ. ಎಷ್ಟೋ ಯೋಜನೆಗಳಲ್ಲಿ ಆ ಜಾಗ ಹಾಗೆಯೇ ಉಳಿದಿರುವುದನ್ನು ನಾನೇ ನೋಡಿದ್ದೇನೆ. ಅಂಚೆ ಪೆಟ್ಟಿಗೆ ನೇತುಹಾಕಿ ಬೀಗದ ಕೈ ಯಾರಲ್ಲಿದೆ ಎಂದು ಹೇಳದಿದ್ದ ಹಾಗೆ. ಪಠ್ಯ ಅಂಟಿಸುವ ಮೊದಲು ಎರಡು ಸಂಗತಿ ತೀರ್ಮಾನಿಸಿ: ದೂರು ಯಾರಿಗೆ ಹೋಗುತ್ತದೆ, ಮತ್ತು ದೂರು ಅವರ ಮೇಲೆಯೇ ಬಂದರೆ ಯಾರಿಗೆ ಹೋಗುತ್ತದೆ. ಆರೇ ಜನರಿದ್ದರೆ ಎರಡನೆಯದು ಹೆಚ್ಚು ಮುಖ್ಯ. ಹೊರಗಿನ ಒಬ್ಬರನ್ನು ಒಪ್ಪಿಸಿಕೊಳ್ಳಿ.

ತಾಳಮದ್ದಳೆಯ ಮಾತಿಗೆ ಬರುತ್ತೇನೆ. ನಾನೂ ರಾತ್ರಿಯಿಡೀ ಕುಳಿತು ಕೇಳಿದವಳೇ. ಅಲ್ಲಿ ಬೈಸಿಕೊಳ್ಳುವುದು ಕರ್ಣ, ಅರ್ಥ ಹೇಳುವವರಲ್ಲ. ಎದುರು ಕುಳಿತವರೂ ಅಷ್ಟೇ ಪಳಗಿದವರು. ವಾದ ಹದ ಮೀರಿದರೆ ಹಾಡುವ ಭಾಗವತರು ಮುಂದಿನ ಪದ ಎತ್ತಿಕೊಂಡು ತಡೆಯುತ್ತಾರೆ. ನಿಮ್ಮಲ್ಲಿ ಪಾತ್ರವೂ ಇಲ್ಲ, ಭಾಗವತರೂ ಇಲ್ಲ, ಎದುರು ಕುಳಿತದ್ದು ಮೊದಲ ದಿನದ ಹುಡುಗಿ.

ಕೋಡನ್ನು ಕಟುವಾಗಿ ವಿಮರ್ಶಿಸುವುದನ್ನು ಸಂಹಿತೆ ತಡೆಯುವುದಿಲ್ಲ. ‘ಖಾಲಿ ಪದ ಕೊಟ್ಟರೆ ಹುಡುಕಾಟ ಸಿಕ್ಕಿಹಾಕಿಕೊಳ್ಳುತ್ತದೆ, ಇದನ್ನು ಸೇರಿಸಿಕೊಳ್ಳಲು ಆಗದು’ ಎಂದಿದ್ದರೆ ಆ ಹುಡುಗಿ ಸಂಜೆಯೊಳಗೆ ತಿದ್ದಿ ಕಳುಹಿಸುತ್ತಿದ್ದಳೇನೋ. ಇದು ದೊಡ್ಡವರಿಗೂ ತಡವಾಗಿಯೇ ಹೊಳೆಯಿತು. ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ 2015ರಿಂದ ಇದ್ದದ್ದು ‘ಕೋಡ್ ಆಫ್ ಕಾನ್‌ಫ್ಲಿಕ್ಟ್’ ಎಂಬ ಪುಟ್ಟ ಟಿಪ್ಪಣಿ, ಹೆಸರೇ ಸಂಘರ್ಷದ್ದು. 2018ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದು ಕಾಂಟ್ರಿಬ್ಯೂಟರ್ ಕವನೆಂಟ್ ಆಧಾರಿತ ಸಂಹಿತೆ ತಂದರು. ಅದೇ ತಿಂಗಳು ಲಿನಕ್ಸ್‌ನ ಸೃಷ್ಟಿಕರ್ತ ಲೀನಸ್ ಟೋರ್ವಾಲ್ಡ್ಸ್ ತಮ್ಮ ಒರಟುತನಕ್ಕೆ ಕ್ಷಮೆ ಕೇಳಿ ಕೆಲವು ವಾರ ಬಿಡುವು ಪಡೆದರು. ಅದರಿಂದ ಕರ್ನಲ್ ಕೆಲಸವೇನೂ ನಿಲ್ಲಲಿಲ್ಲ.

ಮರುಪ್ರಶ್ನೆ: ಮೇಡಂ, ನಮ್ಮ ಕೋಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬರೆದವರು ಆ ಹಿರಿಯ ಸದಸ್ಯರೇ. ಮುನಿಸಿಕೊಂಡು ಹೋದರೆ?

ಉತ್ತರ: ಹೋಗುವಂತೆ ಮಾಡಬೇಕಾಗಿಲ್ಲ. ಕವನೆಂಟ್‌ನ 2.1ನೇ ಆವೃತ್ತಿಯಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಖಾಸಗಿಯಾಗಿ ತಿದ್ದುವುದು, ಎಚ್ಚರಿಕೆ, ತಾತ್ಕಾಲಿಕ ನಿಷೇಧ, ಶಾಶ್ವತ ನಿಷೇಧ. ನಿಮ್ಮದು ಮೊದಲ ಮೆಟ್ಟಿಲಿನ ಪ್ರಕರಣ. ಗುಂಪಿನಲ್ಲಿ ಎಲ್ಲರೆದುರು ಬರೆಯಬೇಡಿ, ನೀವೊಬ್ಬರೇ ಹೋಗಿ ಭೇಟಿಯಾಗಿ. ಆ ಹುಡುಗಿಗೂ ಬೇರೆಯಾಗಿ ಒಂದು ಸಂದೇಶ ಕಳುಹಿಸಿ. ಅವಳು ಕೋಡ್ ಮತ್ತೆ ಕೊಡಲಿ, ಬಿಡಲಿ, ತಪ್ಪು ತನ್ನದಲ್ಲ ಎಂಬುದು ಅವಳಿಗೆ ತಿಳಿಯಬೇಕು.

ಇನ್ನೊಬ್ಬರು: ಒಂದೆರಡು ಸುಭಾಷಿತ ಹಾಕಿದರೆ ಸಾಲದೇ ಮೇಡಂ?

ಉತ್ತರ: ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಲೈಟ್‌ನವರು ಅಂಥದ್ದನ್ನೇ ಮಾಡಿದ್ದರು! 6ನೇ ಶತಮಾನದ ಕ್ರೈಸ್ತ ಸಂತ ಬೆನೆಡಿಕ್ಟರ ಮಠದ ನಿಯಮಗಳನ್ನೇ ಸಂಹಿತೆಯಾಗಿ ಇಟ್ಟುಕೊಂಡಿದ್ದರು. 2018ರಲ್ಲಿ ಅದು ಊರಿಗೆಲ್ಲ ಗೊತ್ತಾಗಿ ಗದ್ದಲವಾಯಿತು. ಆಮೇಲೆ ಅದನ್ನು ‘ಕೋಡ್ ಆಫ್ ಎಥಿಕ್ಸ್’ ಎಂದು ಕರೆದರು. ಹೊರಗಿನವರ ಕೋಡನ್ನು ಸಾಮಾನ್ಯವಾಗಿ ಸ್ವೀಕರಿಸದ ಅವರಿಗೆ ಅದು ನಡೆಯುತ್ತದೆ. ನೀವು ಹೊಸಬರನ್ನು ಕರೆಯುತ್ತಿದ್ದೀರಿ.

ಮರುಪ್ರಶ್ನೆ: ನಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಸಂಹಿತೆ ಅನ್ವಯಿಸುತ್ತದೆಯೇ?

ಉತ್ತರ: ಯೋಜನೆಯ ಮಾತು ನಡೆಯುವ ಗುಂಪಾದರೆ ಖಂಡಿತ. ಆದರೆ ಸಂಹಿತೆಯಲ್ಲಿ ಅದನ್ನು ಹೆಸರಿಸಿ ಬರೆಯಿರಿ. ದೂರು ಕೊಟ್ಟವರ ಹೆಸರು ಮಾತ್ರ ಆ ಗುಂಪಿಗೆ ಬರಕೂಡದು. ಆರು ಜನರಲ್ಲಿ ‘ಯಾರೋ ಒಬ್ಬರು ಹೇಳಿದರು’ ಎಂದರೂ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.