ಫ್ರಾನ್ಸ್‌ನ ಬಿಸಿನೆಸ್ ಸ್ಕೂಲ್‌ನಲ್ಲಿ ಒಂದು ಮಾಮೂಲಿ ದಿನ ಹೇಗಿರುತ್ತದೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಬಿ.ಕಾಂ ಮಾಡಿ, ಬೆಂಗಳೂರಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದೆ. ಈಗ ಪ್ಯಾರಿಸ್ ಹತ್ತಿರ ಸೆರ್ಜಿಯಲ್ಲಿರುವ ಎಸೆಕ್‌ನಲ್ಲಿ ಮ್ಯಾನೇಜ್‌ಮೆಂಟ್ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಪಾಠ ಇಂಗ್ಲಿಷ್‌ನಲ್ಲೇ. ಫೀಸು, ರ‍್ಯಾಂಕು, ಸಂಬಳ ಇದೆಲ್ಲ ಬೇಕಾದಷ್ಟು ಓದಿದ್ದೇನೆ. ಆದರೆ ಒಂದು ಮಂಗಳವಾರ ಬೆಳಗ್ಗೆಯಿಂದ ರಾತ್ರಿವರೆಗೆ ಏನು ನಡೆಯುತ್ತದೆ ಅಂತ ಯಾರೂ ಬರೆದಿಲ್ಲ. ನಾನು ಸಸ್ಯಾಹಾರಿ, ಮಧ್ಯಾಹ್ನ ಊಟ ಎಲ್ಲಿ ಮಾಡುವುದು? ಪಾರ್ಟ್‌ಟೈಮ್ ಕೆಲಸಕ್ಕೆ ಸಮಯ ಸಿಗುತ್ತಾ? ಫ್ರೆಂಚ್ ಹುಡುಗರು ನಮ್ಮ ಜೊತೆ ಬೆರೆಯುತ್ತಾರಾ? ಇದೊಂದು ನನಗೆ ನಿಜಕ್ಕೂ ಚಿಂತೆ. ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಆರ್‌ಇಆರ್_ಎ:
ಮೊದಲು ಅಭಿನಂದನೆ. ನಾನು ಅಲ್ಲೇ ಓದಿದವಳು, ಈಗ ಪ್ಯಾರಿಸ್‌ನಲ್ಲೇ ಕೆಲಸ.

ಕ್ಲಾಸುಗಳು ನಮ್ಮ ಕಾಲೇಜಿನ ಹಾಗೆ ಒಂದೊಂದು ಗಂಟೆಯ ಪೀರಿಯಡ್ ಅಲ್ಲ, ಉದ್ದ ಇರುತ್ತವೆ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಇದ್ದರೆ ಆ ದಿನ ಮುಗಿದ ಹಾಗೆ. ಕೆಲವು ದಿನ ಒಂದೂ ಇರುವುದಿಲ್ಲ. ಹಾಗಂತ ಬಿಡುವು ಅಂದುಕೊಳ್ಳಬೇಡಿ, ಆ ಜಾಗವನ್ನೆಲ್ಲ ಗ್ರೂಪ್ ಪ್ರಾಜೆಕ್ಟ್ ನುಂಗುತ್ತದೆ. ಪ್ರತಿ ವಿಷಯಕ್ಕೂ ಬೇರೆ ಗುಂಪು, ಪ್ರತಿ ಗುಂಪಿಗೂ ಬೇರೆ ವಾಟ್ಸಾಪ್.

ನಿಮ್ಮ ಚಿಂತೆಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಅಲ್ಲಿನ ಫ್ರೆಂಚ್ ವಿದ್ಯಾರ್ಥಿಗಳಲ್ಲಿ ತುಂಬಾ ಜನ ಪಿಯುಸಿ ಆದ ಮೇಲೆ ಎರಡು ವರ್ಷ 'ಪ್ರೆಪಾ' ಅಂತ ಪ್ರವೇಶ ಪರೀಕ್ಷೆಗೆ ಓದಿ ಬಂದಿರುತ್ತಾರೆ. ಬೆಳಗ್ಗೆ ರಾತ್ರಿ ಅದೇ ಓದು, ಅದೇ ಪರೀಕ್ಷೆ. ಸ್ಕೂಲಿಗೆ ಸೇರಿದ ಮೇಲೆ ಅವರ ಜೀವ ಇರುವುದು ಕ್ಲಾಸಿನಲ್ಲಿ ಅಲ್ಲ, ವಿದ್ಯಾರ್ಥಿ ಸಂಘಗಳಲ್ಲಿ. ಕ್ರೀಡೆ, ನಾಟಕ, ಹಾಯಿದೋಣಿ ಓಟ, ಸಮಾಜಸೇವೆ, ಎಲ್ಲದಕ್ಕೂ ಒಂದೊಂದು ಸಂಘ. ಕಂಪನಿಗಳಿಗೆ ದುಡ್ಡು ತಗೊಂಡು ಕನ್ಸಲ್ಟಿಂಗ್ ಮಾಡಿಕೊಡುವ ವಿದ್ಯಾರ್ಥಿ ಸಂಸ್ಥೆ, ಅದನ್ನು ಜೂನಿಯರ್ ಎಂಟರ್‌ಪ್ರೈಸ್ ಅನ್ನುತ್ತಾರೆ, ಫ್ರಾನ್ಸ್‌ನಲ್ಲಿ ಮೊದಲು ಶುರುವಾಗಿದ್ದೇ ನಿಮ್ಮ ಎಸೆಕ್‌ನಲ್ಲಿ, 1967ರಲ್ಲಿ. ವಿದ್ಯಾರ್ಥಿ ಸಂಘದ ಚುನಾವಣೆ ಬಂದರೆ ಒಂದೊಂದು ತಂಡವೂ ಒಂದೇ ಬಣ್ಣದ ಬಟ್ಟೆ ಹಾಕಿಕೊಂಡು, ಕ್ಯಾಂಪಸ್‌ನಲ್ಲಿ ಬಿಸಿ ಬಿಸಿ ಕ್ರೆಪ್ (ತೆಳು ದೋಸೆಯಂಥ ತಿಂಡಿ) ಹಂಚುತ್ತಾ ಓಟು ಕೇಳುತ್ತದೆ. ಇದನ್ನೆಲ್ಲ ದೂರ ನಿಂತು ನೋಡಿದವರು ಎರಡು ವರ್ಷ ದೂರವೇ ಉಳಿಯುತ್ತಾರೆ. ಸೆಪ್ಟೆಂಬರ್‌ನಲ್ಲಿ ಸಂಘಗಳು ಮಳಿಗೆ ಹಾಕಿ ಸದಸ್ಯರನ್ನು ಸೇರಿಸಿಕೊಳ್ಳುವಾಗಲೇ ಒಂದಕ್ಕೆ ಸೇರಿ. ಮೀಟಿಂಗು ಫ್ರೆಂಚ್‌ನಲ್ಲೇ ನಡೆಯುತ್ತದೆ, ಅರ್ಧ ಅರ್ಥ ಆಗುವುದಿಲ್ಲ, ಆದರೂ ಹೋಗಿ ಕೂರಿ. ಅವರು ಸೊಕ್ಕಿನವರಲ್ಲ, ಎಲ್ಲರೆದುರು ತಪ್ಪು ಇಂಗ್ಲಿಷ್ ಮಾತಾಡಲು ನಾಚುತ್ತಾರೆ ಅಷ್ಟೇ.

ಮಧ್ಯಾಹ್ನದ ಊಟಕ್ಕೆ ಆರಾಮಾಗಿ ಒಂದು ಗಂಟೆ ಕೂರುತ್ತಾರೆ. ನೀವು ಲ್ಯಾಪ್‌ಟಾಪ್ ಮುಂದೆ ಸ್ಯಾಂಡ್‌ವಿಚ್ ತಿಂದರೆ ಗೆಳೆತನ ಆಗುವ ಜಾಗವೇ ತಪ್ಪಿಹೋಗುತ್ತದೆ.

ಲಿಯೋನ್ ಕನ್ನಡಿಗ:
ನಾನು ಲಿಯೋನ್‌ನಲ್ಲಿ ಬೇರೆ ಸ್ಕೂಲು. ಮೇಲೆ ಅಕ್ಕ ಬರೆದಿದ್ದು ಇಲ್ಲಿಗೂ ಸರಿಯಾಗಿ ಹೊಂದುತ್ತದೆ.

ಕೆಲಸದ ವಿಷಯ. ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 964 ಗಂಟೆ ಕೆಲಸ ಮಾಡಬಹುದು. ಕಾನೂನು ಬಿಡುತ್ತದೆ, ಮೊದಲ ಸೆಮಿಸ್ಟರ್ ಬಿಡುವುದಿಲ್ಲ. ಆ ಸಮಯ ಫ್ರೆಂಚ್ ಕಲಿಯಲು ಹಾಕಿ ಅಂತ ನಾನು ಹೇಳುವುದು. ಯಾಕೆಂದರೆ ಇಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ಪೇ ಕೆಲಸದ ಬಾಗಿಲು, ಅದನ್ನು 'ಸ್ತಾಜ್' ಅನ್ನುತ್ತಾರೆ, ಮತ್ತು ಅದರ ಇಂಟರ್‌ವ್ಯೂ ಜಾಸ್ತಿ ಕಡೆ ಫ್ರೆಂಚ್‌ನಲ್ಲೇ.

ಮಾರ್ಕ್ಸ್ ನೋಡಿ ಗಾಬರಿಯಾಗಬೇಡಿ. ಫ್ರಾನ್ಸ್‌ನಲ್ಲಿ 20ಕ್ಕೆ ಕೊಡುತ್ತಾರೆ, 10 ಬಂದರೆ ಪಾಸು, 14 ಒಳ್ಳೆಯದು, 16 ಅಂದರೆ ತುಂಬಾ ಒಳ್ಳೆಯದು. 20ಕ್ಕೆ 13 ಬಂತು ಅಂತ ಮನೆಯಲ್ಲಿ ಹೇಳುವಾಗ ಇದನ್ನೂ ಸೇರಿಸಿ ಹೇಳಿ.

ಇನ್ನೊಂದು, ಚಳಿಗಾಲ. ಡಿಸೆಂಬರ್‌ನಲ್ಲಿ ಬೆಳಗ್ಗೆ ಎಂಟೂವರೆ ಆದರೂ ಪೂರ್ತಿ ಬೆಳಕಿಲ್ಲ, ಸಂಜೆ ಐದಕ್ಕೆ ಕತ್ತಲು. ರೂಮಿನಲ್ಲೇ ಇದ್ದರೆ ಮನಸ್ಸು ಕುಗ್ಗುತ್ತದೆ. ಬಿಸಿಲು ಕಂಡ ದಿನ ಹೊರಗೆ ನಡೆಯಿರಿ, ಸುಮ್ನೆ ಆದರೂ ಸರಿ.

ತುಂಗಾತೀರ:
ಇಬ್ಬರಿಗೂ ತುಂಬಾ ಧನ್ಯವಾದ. ನನಗೆ ಬೇಕಿದ್ದದ್ದು ಇದೇ. ಊಟದ ಬಗ್ಗೆಯೂ ಯಾರಾದರೂ ಹೇಳಿ, ಅಮ್ಮ ದಿನಾ ಅದನ್ನೇ ಕೇಳುತ್ತಿದ್ದಾರೆ.

ಸಾರು_ಪಲ್ಯ:
ಅಮ್ಮನಿಗೆ ಧೈರ್ಯ ಹೇಳಿ. 'ಕ್ರೂಸ್' ಅಂತ ಸರ್ಕಾರಿ ವಿದ್ಯಾರ್ಥಿ ಕ್ಯಾಂಟೀನ್ ಇದೆ, ಖಾಸಗಿ ಸ್ಕೂಲಿನವರಿಗೂ ನಡೆಯುತ್ತದೆ. ನಾನು ಓದುವಾಗ ಪೂರ್ತಿ ಊಟಕ್ಕೆ 3.30 ಯೂರೋ. ಮಾಂಸ ಇಲ್ಲದ ಅಡುಗೆ ಒಂದಾದರೂ ಸಿಗುತ್ತದೆ. ಆದರೆ ಸುಮ್ಮನೆ ಸಸ್ಯಾಹಾರಿ ಅಂದರೆ ಕೆಲವರು ಮೀನು ಬಡಿಸುತ್ತಾರೆ, ಸಲಾಡ್‌ನಲ್ಲಿ ಹಂದಿಮಾಂಸದ ಚೂರುಗಳೂ ಇರುತ್ತವೆ. 'ಸಾನ್ ವಿಯಾಂದ್, ಸಾನ್ ಪ್ವಾಸೋಂ', ಅಂದರೆ ಮಾಂಸ ಬೇಡ, ಮೀನು ಬೇಡ, ಅಂತ ಬಿಡಿಸಿ ಹೇಳಿ. ಅದಕ್ಕೂ ಮೊದಲು 'ಬೋಂಜೂರ್' (ನಮಸ್ಕಾರ) ಹೇಳಲೇಬೇಕು, ಅಂಗಡಿ ಇರಲಿ, ಕ್ಯಾಂಟೀನ್ ಇರಲಿ. ಅದಿಲ್ಲದೆ ನೇರವಾಗಿ ಕೇಳಿದರೆ ಒರಟು ಅನ್ನಿಸುತ್ತದೆ ಅವರಿಗೆ.

ರಾತ್ರಿ ಅಡುಗೆಗೆ ಪ್ಯಾರಿಸ್‌ನ ಗಾರ್ ದು ನಾರ್ ಸ್ಟೇಷನ್ ಹಿಂದೆ ಲಾ ಶಪೆಲ್ ಅಂತ ಏರಿಯಾ ಇದೆ, ಶ್ರೀಲಂಕಾ ತಮಿಳರ ಅಂಗಡಿಗಳು ಸಾಲಾಗಿ ಇವೆ. ಕರಿಬೇವು, ನುಗ್ಗೆಕಾಯಿ, ತೊಗರಿಬೇಳೆ, ಇಡ್ಲಿ ಅಕ್ಕಿ ಎಲ್ಲ ಸಿಗುತ್ತದೆ. ಸಾರಿನ ಪುಡಿ ಮಾತ್ರ ಮನೆಯಿಂದಲೇ ತನ್ನಿ. ಶನಿವಾರವೇ ಹೋಗಿಬನ್ನಿ, ಭಾನುವಾರ ಮಧ್ಯಾಹ್ನದ ಮೇಲೆ ಸೆರ್ಜಿ ಕಡೆ ತುಂಬಾ ಅಂಗಡಿ ಮುಚ್ಚಿರುತ್ತವೆ.

ಆರ್‌ಇಆರ್_ಎ:
ಒಂದು ಬಿಟ್ಟುಹೋಗಿತ್ತು. ಬಂದ ಮೂರು ತಿಂಗಳೊಳಗೆ ವೀಸಾವನ್ನು ಆನ್‌ಲೈನ್‌ನಲ್ಲಿ ಊರ್ಜಿತ ಮಾಡಿಸಬೇಕು, ಮೊದಲ ವಾರದಲ್ಲೇ ಮುಗಿಸಿ. ಹೊರಗೆ ರೂಮು ಹಿಡಿಯುವುದಾದರೆ ಮಾಲೀಕರು ಫ್ರಾನ್ಸ್‌ನಲ್ಲಿರುವ ಜಾಮೀನುದಾರರನ್ನು ಕೇಳುತ್ತಾರೆ. ಅದಕ್ಕೆ 'ವಿಸಾಲ್' ಅಂತ ಉಚಿತ ಜಾಮೀನು ಯೋಜನೆ ಇದೆ, 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಸಿಗುತ್ತದೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಅದನ್ನು ತಗೊಂಡಿರಬೇಕು, ಹಾಗಾಗಿ ವೀಸಾ ಬಂದ ಕೂಡಲೇ ಅರ್ಜಿ ಹಾಕಿ.